ಬೊಮ್ಮಕ್ಕನ ಕೊರಳು

ಮರಡಿಕೆರೆಯ ಏರಿಯ ಮೇಲೆ ಬಡಗಣ ತುದಿಯಿಂದ ನಡೆದು ಬಂದವರಿಗೆ ತೂಬಿನ ಎದುರಿಗೆ ಒಂದು ಚಿಕ್ಕ ಮರಡಿ ಸಿಗುತ್ತದೆ. ಗುಡ್ಡ ಎನ್ನುವಷ್ಟು ಎತ್ತರವಿಲ್ಲ. ದಿಬ್ಬ ಎಂದರೆ ಊರಿನವರಿಗೆ ಸಿಟ್ಟು ಬರುತ್ತದೆ. ಅದರ ನೆತ್ತಿಯ ಮೇಲೆ, ಮಗ್ಗುಲಾಗಿ ಮಲಗಿದ ಎಮ್ಮೆಯಷ್ಟು ದೊಡ್ಡದಾದ ಒಂದು ಕರಿಯ ಬಂಡೆ ಮೂರು ಪುಟ್ಟ ಕಲ್ಲುಗಳ ಮೇಲೆ ಕೂತಿದೆ. ಯಾರೋ ಎತ್ತಿ ಇಟ್ಟಂತೆ ಕಾಣುತ್ತದೆ, ಯಾರೂ ಇಟ್ಟದ್ದಲ್ಲ. ಬಂಡೆಗೂ ನೆಲಕ್ಕೂ ನಡುವೆ ಒಂದು ಮೇಕೆಮರಿ ನುಸುಳುವಷ್ಟು ಸಂದು. ಈ ಬಂಡೆಗೆ ಬೊಮ್ಮಕ್ಕನ ಕೊರಳು ಎಂದು ಹೆಸರು. ಪಂಚಾಯಿತಿಯವರು ನೆಟ್ಟಿರುವ ತಗಡಿನ ಫಲಕದಲ್ಲೂ ಅದೇ ಹೆಸರಿದೆ. ಅದರ ಕೆಳಗೆ ‘ಇಲ್ಲಿ ಬಟ್ಟೆ ಒಣಗಿಸಬಾರದು’ ಎಂದೂ ಇದೆ, ಒಣಗಿಸುವವರು ಫಲಕದ ಮೇಲೂ ಒಂದು ಟವೆಲ್ಲು ಹರವಿರುತ್ತಾರೆ. ಹೊಸಬರು ಬಂದರೆ ಮೊದಲು ಬಂಡೆಯ ಸುತ್ತ ಎರಡು ಸುತ್ತು ಹಾಕಿ ಕೊರಳಿನ ಆಕಾರವನ್ನು ಹುಡುಕುತ್ತಾರೆ. ಒಮ್ಮೆ ತಾಲ್ಲೂಕು ಕೇಂದ್ರದಿಂದ ಬಂದ ಡ್ರಾಯಿಂಗ್ ಮೇಷ್ಟ್ರೊಬ್ಬರು, ಪಡುವಣದಿಂದ ನೋಡಿದರೆ ಕೊರಳು, ಗಲ್ಲ, ಮೂಗುತಿ ಎಲ್ಲವೂ ಕಾಣುತ್ತವೆಂದು ಸಾಧಿಸಿ ಚಿತ್ರವನ್ನೂ ಬರೆದುಕೊಟ್ಟು ಹೋದರು. ಆ ಚಿತ್ರ ಈಗಲೂ ಶಾಲೆಯ ಗೋಡೆಯಲ್ಲಿದೆ. ಚೆನ್ನಾಗಿಯೇ ಇದೆ, ಆದರೆ ಬಂಡೆಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಈ ಹೆಸರು ಆಕಾರದಿಂದ ಬಂದದ್ದಲ್ಲ.

ಹಿಂದೆ ಒಮ್ಮೆ (ಅದು ಯಾವ ಪಾಳೆಯಗಾರನ ಕಾಲ ಎಂಬುದರಲ್ಲಿ ಊರಿನ ಹಿರಿಯರಲ್ಲಿ ಎರಡು ಪಕ್ಷಗಳಿವೆ, ಒಬ್ಬರ ಮನೆಯ ಕಾಫಿಯನ್ನು ಇನ್ನೊಬ್ಬರು ಕುಡಿಯುತ್ತಲೇ ಆ ಜಗಳ ನಡೆಯುತ್ತದೆ, ಆದ್ದರಿಂದ ಅದನ್ನು ಅಲ್ಲಿಗೇ ಬಿಡೋಣ) ಈ ಕೆರೆಯ ಅಚ್ಚುಕಟ್ಟಿನ ಗದ್ದೆಗಳು ಒಂಬತ್ತು ಪಾಲಾಗಿದ್ದವು. ತೂಬಿನಿಂದ ಹೊರಟ ಕಾಲುವೆ ಒಂದೊಂದೇ ಪಾಲಿನ ಬದಿಯಲ್ಲಿ ಬಳುಕಿ, ಹೊಂಗೆಯ ತೋಪನ್ನು ಬಳಸಿ, ಕೊನೆಗೆ ಬಿಸಿಲಲ್ಲಿ ನಡುಗುವ ಗೆರೆಯಂತೆ ಕಾಣುವ ಒಂಬತ್ತನೆಯ ಪಾಲನ್ನು ಮುಟ್ಟುತ್ತಿತ್ತು. ಯಾವ ಪಾಲಿಗೆ ಎಷ್ಟು ಹೊತ್ತು ನೀರು ಎಂಬುದನ್ನು ಬೇರೆ ಊರುಗಳಲ್ಲಿ ತೂತಿನ ಬಟ್ಟಲು ಮುಳುಗುವುದನ್ನು ನೋಡಿ, ಇಲ್ಲವೇ ಕೋಲಿನ ನೆರಳನ್ನು ಅಳೆದು ಹೇಳುತ್ತಿದ್ದರಂತೆ. ಮರಡಿಕೆರೆಯವರು ಹಾಡಿನಿಂದ ಅಳೆಯುತ್ತಿದ್ದರು. ನೀರಿನ ಹಾಡೆಂದೇ ಅದರ ಹೆಸರು. ಅದಕ್ಕೆ ಒಂಬತ್ತು ಸಂಧಿ. ಒಂದು ಸಂಧಿಯನ್ನು ಹಾಡಿ ಮುಗಿಸಲು ಎರಡು ಸೇರು ರಾಗಿ ಬೀಸುವಷ್ಟು ಹೊತ್ತು ಬೇಕು. ಅಷ್ಟು ಹೊತ್ತು ಒಂದು ಪಾಲಿಗೆ ನೀರು. ಹಾಡುವವಳು ಹೊತ್ತು ಮೂಡುವಾಗ ಮರಡಿಯ ಮೇಲೆ ನಿಂತು ತೊಡಗುತ್ತಿದ್ದಳು. ಸಂಧಿಯ ಕೊನೆಯಲ್ಲಿ ಎಳೆದ ದನಿ ನಿಂತಾಗ ನೀರಗಂಟಿ, ಅಂದರೆ ನೀರು ತಿರುಗಿಸುವ ಹೊಣೆ ಹೊತ್ತವನು, ಆ ಪಾಲಿನ ಬಾಯಿಗೆ ಮಣ್ಣು ಕಟ್ಟಿ ಮುಂದಿನ ಪಾಲಿನ ಬಾಯಿ ಬಿಡಿಸುತ್ತಿದ್ದ. ಹಾಡು ನಿಲ್ಲದೆ ನೀರು ತಿರುಗುವಂತಿಲ್ಲ. ಅದು ಊರಿನ ಕಟ್ಟು.

ಆ ಕಾಲಕ್ಕೆ ಹಾಡುತ್ತಿದ್ದವಳು ಹಾಡೋರ ಮನೆಯ ಬೊಮ್ಮಕ್ಕ. ಅವಳ ತಾಯಿ ಹಾಡಿದ್ದಳು, ತಾಯಿಯ ತಾಯಿಯೂ ಹಾಡಿದ್ದಳು. ಬೊಮ್ಮಕ್ಕನಿಗೆ ಹದಿನಾರು ತುಂಬುವ ಮೊದಲೇ ತಾಯಿ ತೀರಿಕೊಂಡದ್ದರಿಂದ ಅಂದಿನಿಂದ ಇಪ್ಪತ್ತೈದು ವರ್ಷ ಮರಡಿಯ ಮೇಲೆ ಅವಳದೇ ದನಿ. ಆ ದನಿ ನೀರಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ ಕಾಲುವೆಯ ಹುಲ್ಲನ್ನು ಎಚ್ಚರಿಸುತ್ತಿತ್ತು ಎನ್ನುತ್ತಾರೆ. ಕೆರೆಯಂಚಿನಲ್ಲಿ ಒಂಟಿಕಾಲಲ್ಲಿ ನಿಂತ ಕೊಕ್ಕರೆಗಳು ಸಂಧಿ ಮುಗಿಯುವ ತನಕ ಕಾಲು ಬದಲಿಸುತ್ತಿರಲಿಲ್ಲವೆಂದೂ ಹೇಳುತ್ತಾರೆ. ಇದನ್ನು ಕೊಕ್ಕರೆಗಳನ್ನೇ ಕೇಳಿ ತಿಳಿಯಬೇಕು. ಊರಿನವರಿಗೆ ಅವಳ ಮೇಲಿದ್ದ ಗೌರವಕ್ಕೆ ಇನ್ನೊಂದು ಕಾರಣವಿತ್ತು. ಎರಡನೆಯ ಪಾಲು ಗೌಡನದು; ಅಲ್ಲಿ ಅವಳು ಹಾಡನ್ನು ಹಿಗ್ಗಿಸಲಿಲ್ಲ. ಐದನೆಯ ಪಾಲು ಅವಳ ಸ್ವಂತ ಅಣ್ಣನದು, ಅಲ್ಲೂ ಹಿಗ್ಗಿಸಲಿಲ್ಲ. ಬಿಸಿಲು ನೆತ್ತಿಗೇರಿ ಬಾಯಿ ಒಣಗಿದಾಗ ಕಡೆಯ ಪಾಲನ್ನು ಓಡಿಸಿ ಮುಗಿಸಲೂ ಇಲ್ಲ. ಬೊಮ್ಮಕ್ಕನಿಗೆ ಇವಾವುದೂ ತಾನು ಮಾಡುತ್ತಿರುವ ನ್ಯಾಯವೆಂದು ತೋರಿರಲಿಲ್ಲ. ಹಾಡುವಾಗ ಅವಳಿಗೆ ಗದ್ದೆಗಳಾಗಲಿ ಅವುಗಳ ಒಡೆಯರಾಗಲಿ ಕಾಣುತ್ತಿರಲಿಲ್ಲ. ಕಣ್ಣ ಮುಂದೆ ಬೆಳಕು ತುಂಬಿದ ಒಂದು ಉದ್ದ ದಾರಿ, ಅದರಲ್ಲಿ ತಾನು ನಡೆಯುತ್ತಿರುವಂತೆ, ಕಾಲಿಗೆ ತಣ್ಣಗೆ ನೀರು ತಾಗುತ್ತಿರುವಂತೆ ಅನಿಸುತ್ತಿತ್ತು, ಅಷ್ಟೇ. ದಾರಿ ಮುಗಿದಾಗ ಮಧ್ಯಾಹ್ನ ಇಳಿದಿರುತ್ತಿತ್ತು, ಹಸಿವಾಗಿರುತ್ತಿತ್ತು.

ಒಂದು ವರ್ಷ ಮಳೆ ಹಿಂದೆಗೆಯಿತು. ಇದ್ದ ನೀರನ್ನು ಒಂದೇ ಸಲ ಹರಿಸದೆ, ಪೈರು ಒಣಗದಷ್ಟು ಮಾತ್ರ ಸಣ್ಣಗೆ ಆಗಾಗ ಬಿಡಬೇಕಾಗಿ ಬಂದು, ನಾಲ್ಕು ದಿನಕ್ಕೊಮ್ಮೆ ತೆರೆಯುತ್ತಿದ್ದ ತೂಬನ್ನು ದಿನ ಬಿಟ್ಟು ದಿನ ತೆರೆದರು. ಬೊಮ್ಮಕ್ಕನಿಗೆ ಜ್ವರ ಬಂದಿತ್ತು, ಗಂಟಲು ಕೆಂಡದಂತಾಗಿತ್ತು. ಕಂಬಳಿ ಹೊದ್ದು ಮರಡಿ ಹತ್ತಿದಳು. ಹಾಗೆ ಆರು ಸರದಿ ಹಾಡಿದಳು. ಏಳನೆಯ ಸರದಿಯ ದಿನ, ಏಳನೆಯ ಸಂಧಿಯ ನಡುವೆ, ಹಳೆಯ ಸೀರೆ ಮಡಿಕೆಯಲ್ಲಿ ಬಿರಿಯುವಂತೆ ಅವಳ ದನಿ ಬಿರಿಯಿತು. ಬಾಯಿ ತೆರೆದರೆ ಉಸಿರು ಬಂತು, ದನಿ ಬರಲಿಲ್ಲ. ಕೆಳಗೆ ಕಾಲುವೆಯಲ್ಲಿ ನೀರಗಂಟಿ ಗಾದ್ರಪ್ಪ ಮಣ್ಣೆಳೆಯುವ ಸನಿಕೆ ಹಿಡಿದು ಮೇಲೆ ನೋಡುತ್ತ ನಿಂತ. ಅವನು ಒಳ್ಳೆಯವನು, ಆದರೆ ಕಟ್ಟು ಎಂದರೆ ಕಟ್ಟು ಎನ್ನುವವನು. “ಹಾಡು ಮುಗಿದಿಲ್ಲವಲ್ಲಪ್ಪಾ, ನೀರು ಹೆಂಗೆ ತಿರುಗಿಸ್ಲಿ?” ಎಂದು ಹೊತ್ತು ಇಳಿಯುವ ತನಕ ಹಾಗೆಯೇ ನಿಂತಿದ್ದ. ಏಳನೆಯ ಪಾಲು ಕೆರೆಯಾಯಿತು. ಎಂಟು ಒಂಬತ್ತಕ್ಕೆ ಅಂದು ಹನಿ ಹೋಗಲಿಲ್ಲ. ಮರಡಿಯ ಮೇಲಿಂದ ಬೊಮ್ಮಕ್ಕ ಅದನ್ನೆಲ್ಲ ನೋಡಿದಳು. ಸಾಕು ತಿರುಗಿಸು ಎಂದು ಕೂಗಲೂ ಅವಳಲ್ಲಿ ಏನೂ ಉಳಿದಿರಲಿಲ್ಲ.

ಅತಿಮಧುರದ ಬೇರು ಅಗಿದಳು, ಮೆಣಸಿನ ಕಷಾಯ ಕುಡಿದಳು, ಜೇನಿನಲ್ಲಿ ಬಜೆ ತೇಯ್ದು ನೆಕ್ಕಿದಳು. ದೂರದಿಂದ ಬಂದ ನಾಟಿವೈದ್ಯ ಗಂಟಲೊಳಗೆ ಇಣುಕಿ, “ನೆಲವನ್ನು ಬೀಳು ಬಿಡೋದಿಲ್ವೇ ತಾಯಿ, ಹಂಗೆ ಒಂದು ಬೆಳೆ ಕಾಲ ಬೀಳು ಬಿಡು” ಎಂದ. ಒಂದು ಬೆಳೆ ಕಾಲ ಕಳೆಯಿತು. ಮಾತು ಒಣಗಿದ ಎಲೆ ಸರಿದಂತೆ ಪಿಸಪಿಸನೆ ಮರಳಿ ಬಂತು. ಹಾಡು ಬರಲಿಲ್ಲ. ಬೆಳಗಿನ ಜಾವದ ಕನಸಿನಲ್ಲಿ ಮಾತ್ರ ಬರುತ್ತಿತ್ತು. ಕನಸಿನಲ್ಲಿ ಅವಳು ಕೆರೆಯ ನೀರಿನೊಳಗೆ ನಿಂತಿರುತ್ತಿದ್ದಳು. ಹಾಡು ಗುಳ್ಳೆಗಳಾಗಿ ಮೇಲೇಳುತ್ತಿತ್ತು. ಗುಳ್ಳೆಗಳು ಒಡೆದಲ್ಲೆಲ್ಲ ಒಂದೊಂದು ಸಾಲು ಕೇಳಿಸುತ್ತಿತ್ತು. ಎಚ್ಚರಾದಾಗ ಬಾಯಿ ತೆರೆದೇ ಇರುತ್ತಿತ್ತು. ಅದನ್ನು ಮೆಲ್ಲನೆ ಮುಚ್ಚಿಕೊಂಡು ಎದ್ದು ಕಸ ಗುಡಿಸುತ್ತಿದ್ದಳು.

ಇಲ್ಲಿ ಮರಡಿಕೆರೆಯವರು ಒಂದು ತಪ್ಪು ಮಾಡಿದರು. ಪ್ರೀತಿಯಿಂದ ಮಾಡಿದ ತಪ್ಪು, ಆದ್ದರಿಂದ ತಿದ್ದುವುದಕ್ಕೆ ಬಹಳ ದಿನ ಹಿಡಿಯಿತು. ಗೌಡ ಊರನ್ನು ಕೂಡಿಸಿ, “ಬೊಮ್ಮಕ್ಕನ ಕಿವಿಗೆ ಯಾರ ಹಾಡೂ ಬೀಳಬಾರದು. ಕೇಳಿದರೆ ಆ ಜೀವಕ್ಕೆ ಎಷ್ಟು ಸಂಕಟ ಆದೀತು, ಯೋಚನೆ ಮಾಡ್ರಪ್ಪ” ಎಂದ. ಎಲ್ಲರ ಕಣ್ಣೂ ತುಂಬಿ ಬಂತು. ಅಂದಿನಿಂದ ಬೀಸುವ ಕಲ್ಲಿನ ಮುಂದೆ ಪದ ನಿಂತಿತು. ಕಳೆ ಕೀಳುವವರು ಬಾಯಿ ಬಿಗಿದು ಕಿತ್ತರು. ತೊಟ್ಟಿಲು ತೂಗುವವರು ಬರಿದೇ ತೂಗಿದರು. ಕೂಸುಗಳು ಇನ್ನೇನೋ ಬರಬೇಕಾಗಿತ್ತಲ್ಲ ಎಂಬಂತೆ ಕಣ್ಣರಳಿಸಿ ಮಲಗಿರುತ್ತಿದ್ದವು. ಹಾಡು ನಿಂತ ಮೇಲೆ ಗಟ್ಟಿಮಾತೂ ಒರಟೆನಿಸಿ, ಕ್ರಮೇಣ ಊರಿಗೆ ಊರೇ ಪಿಸುಮಾತಿಗೆ ಇಳಿಯಿತು. ಎತ್ತಿನ ಗಂಟೆಗಳಿಗೆ ಹುಲ್ಲು ತುರುಕಿದರು. ಪರಊರಿನ ನೆಂಟರು ಬಂದರೆ ಬಾಗಿಲಲ್ಲೇ ಬೆರಳು ತುಟಿಗಿಟ್ಟು ಒಳಗೆ ಕರೆಯುತ್ತಿದ್ದರು. ಮಂಜು ಕವಿದ ಬೆಳಗಿನಂಥ ಒಂದು ಮೌನ ಹಗಲಿಡೀ ಮನೆಗಳ ಮೇಲೆ ಕೂತಿರುತ್ತಿತ್ತು ಎನ್ನುತ್ತಾರೆ.

ಬೊಮ್ಮಕ್ಕ ಬೀದಿಗೆ ಕಾಲಿಟ್ಟರೆ ಅದುವರೆಗೆ ಕೇಳಿಸುತ್ತಿದ್ದ ಸಣ್ಣಪುಟ್ಟ ಸದ್ದೂ ಅಡಗುತ್ತಿತ್ತು. ಹಿಂದೆ ಅವಳ ದನಿ ನೀರಿನ ಮುಂದೆ ನಡೆದಂತೆ ಈಗ ಮೌನ ಅವಳ ಮುಂದೆ ನಡೆಯುತ್ತಿತ್ತು. ಮೊದಮೊದಲು ಅವಳಿಗೆ ಇದು ತಿಳಿಯಲಿಲ್ಲ. ತಿಳಿದ ದಿನ, ತನ್ನ ದನಿ ಹೋಗುವಾಗ ಎಲ್ಲರದನ್ನೂ ಜೊತೆಗೆ ಎಳೆದುಕೊಂಡು ಹೋಯಿತೆಂದು ತೋರಿ ಅವಳು ಮನೆಯ ಹಿತ್ತಲಲ್ಲಿ ಕೂತು ಅತ್ತಳು. ಸದ್ದಿಲ್ಲದ ಅಳು, ಪಕ್ಕದ ಮನೆಯವರಿಗೂ ಕೇಳಿಸಲಿಲ್ಲ. ಆಮೇಲೆ ಬೆಳಗಾದರೆ ಮರಡಿ ಹತ್ತಿ ಆ ಕರಿಯ ಬಂಡೆಯ ನೆರಳಲ್ಲಿ ಕೂರತೊಡಗಿದಳು. ಅಲ್ಲಿ ಅವಳಿಗಾಗಿ ಬಾಯಿ ಮುಚ್ಚಿಕೊಳ್ಳುವವರು ಯಾರೂ ಇರಲಿಲ್ಲ. ಗಾಳಿ ಬೀಸುತ್ತಿತ್ತು, ಓತಿಕ್ಯಾತ ತಲೆಯಾಡಿಸುತ್ತಿತ್ತು.

ಇತ್ತ ನೀರಿನ ಗತಿ ಕೆಟ್ಟಿತು. ಹಾಡಿಲ್ಲದ್ದರಿಂದ ಗಾದ್ರಪ್ಪ ಬೆರಳು ಮಡಿಸಿ ಎಣಿಸಿ ಸರದಿ ಹೇಳತೊಡಗಿದ. ಎಣಿಕೆಯ ನಡುವೆ ಯಾರಾದರೂ “ಗಾದ್ರಣ್ಣ, ಚೆನ್ನಾಗಿದೀಯಾ?” ಎಂದು ಪಿಸುಗುಟ್ಟಿದರೆ ಮುಗಿಯಿತು, ಮತ್ತೆ ಮೊದಲಿಂದ. ಮೇಲಿನ ಪಾಲಿನವರು ಅವನ ಯೋಗಕ್ಷೇಮವನ್ನು ಹೆಚ್ಚು ಹೆಚ್ಚು ವಿಚಾರಿಸತೊಡಗಿದರು. ಜಗಳಗಳಾದವು, ಬೊಮ್ಮಕ್ಕನಿಗೆ ಕೇಳಿಸಬಾರದೆಂದು ಆ ಜಗಳಗಳೂ ಪಿಸುಮಾತಿನಲ್ಲೇ ನಡೆದವು. ಇಬ್ಬರು ಗಂಡಸರು ಸನಿಕೆ ಎತ್ತಿ ಹಿಡಿದು, ಕಣ್ಣು ಕೆಂಪಗೆ ಮಾಡಿಕೊಂಡು, ಒಬ್ಬರ ಕಿವಿಯಲ್ಲಿ ಒಬ್ಬರು ಬೈದುಕೊಳ್ಳುತ್ತಿದ್ದ ಆ ನೋಟವನ್ನು ನೆನೆದು ಮರಡಿಕೆರೆಯವರು ಇಂದಿಗೂ ನಗುತ್ತಾರೆ. ಒಂಬತ್ತನೆಯ ಪಾಲಿಗೆ ಮಾತ್ರ ಅದು ನಗುವ ವಿಷಯವಾಗಿರಲಿಲ್ಲ. ಅಲ್ಲಿ ಭತ್ತದ ಪೈರಿನ ತುದಿ ಹಳದಿ ತಿರುಗಿತ್ತು.

ಆ ಕಡೆಯ ಪಾಲು ಕಾಟವ್ವ ಎಂಬ ಮುದುಕಿಯದು. ಗಂಡ ತೀರಿದ ಮೇಲೆ ಮೂವತ್ತು ವರ್ಷ ನವಣೆ ಹೊಲದ ಅಟ್ಟಣೆಯ ಮೇಲೆ ನಿಂತು ಹಕ್ಕಿ ಓಡಿಸಲು ಕೂಗಿ ಕೂಗಿ, ಅವಳ ಗಂಟಲಿಗೆ ಮೆಲ್ಲಗೆ ಎಂಬುದು ಮರೆತೇ ಹೋಗಿತ್ತು. ಪಿಸುಗುಟ್ಟಲು ಅವಳೂ ಯತ್ನಿಸಿದ್ದಳು, ಎಮ್ಮೆ ಬೆದರಿತು. ಹೀಗಾಗಿ ಬೊಮ್ಮಕ್ಕನ ದಾರಿಗೆ ಅಡ್ಡ ಬರದಂತೆ ಊರಿನವರು ಅವಳನ್ನು ಕೈಮುಗಿದು ದೂರ ಇಟ್ಟಿದ್ದರು. ಪೈರು ಹಳದಿಯಾದದ್ದನ್ನು ಕಂಡ ಬೆಳಗ್ಗೆ ಅವಳು ಯಾರ ಮಾತನ್ನೂ ಕೇಳದೆ, ಸೊಂಟದ ಮೇಲೆ ಕೈಯಿಟ್ಟುಕೊಂಡು ಮರಡಿ ಹತ್ತಿದಳು.

“ಏನೇ ಬೊಮ್ಮೀ, ಕೋಳಿ ಕಾವಿಗೆ ಕೂತಂಗೆ ಕೂತಿದೀಯಲ್ಲ! ಎಷ್ಟು ಮೊಟ್ಟೆ ಇಟ್ಕಂಡಿದೀಯೆ?”

ಎಷ್ಟೋ ತಿಂಗಳ ಮೇಲೆ ಕಿವಿಗೆ ಬಿದ್ದ ಗಟ್ಟಿ ದನಿ ಅದು. ಬೊಮ್ಮಕ್ಕ ಬೆಚ್ಚಿದಳು. ಗಂಟಲು ಮುಟ್ಟಿ ತೋರಿಸಿದಳು.

“ಗೊತ್ತೈತೆ ಕಣೆ. ನಿನ್ನ ದನಿ ಹೋತು. ನನ್ನ ಮುಂದಿನ ನಾಕು ಹಲ್ಲೂ ಹೋದವು. ಅದಕ್ಕೆ ಊರೋರೇನು ರೊಟ್ಟಿ ತಿನ್ನಾದು ಬಿಟ್ರಾ?”

ಬೊಮ್ಮಕ್ಕನಿಗೆ ನಗು ಬಂದುಬಿಟ್ಟಿತು. ತೌಡು ಕೇರಿದಂಥ ಸದ್ದಾಯಿತು, ಆದರೂ ಅದು ನಗುವೇ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. “ದೊಡ್ಡವ್ವ,” ಎಂದು ಪಿಸುದನಿಯಲ್ಲಿ ಕೇಳಿದಳು, “ಹಾಡೋ ಬೊಮ್ಮಕ್ಕ ಅಂತಿದ್ರು ನನ್ನ. ಇನ್ನು ಏನಂತ ಕರೀತಾರೆ?”

ಉತ್ತರ ತಿಳಿಯದಾಗ ಮುದುಕಿಗೆ ರೇಗುತ್ತಿತ್ತು. “ಏನಾದ್ರೂ ಕರೀಲಿ ಬುಡು. ನನ್ನ ಪೈರು ಒಣಗ್ತೈತೆ. ನೀನು ಹಾಡಲ್ಲ, ಊರೋರು ಹಾಡಾಕೆ ಬಿಡಲ್ಲ. ನಾನೇ ಹಾಡ್ತೀನಿ, ನೋಡು!” ಎಂದು ತನ್ನ ಪಾಲಿನ ಒಂಬತ್ತನೆಯ ಸಂಧಿಯನ್ನು ಎತ್ತಿಕೊಂಡೇಬಿಟ್ಟಳು:

ಹರಿಯೆ ಮೆಲ್ಲಗೆ ತಾಯಿ, ಹುಲ್ಲ ಬೇರಿಗೆ ನೋವಾಗದಂಗೆ,
ತೂಬಿನ ಮನೆಯ ದಾಟಿ ಬಾರೆ, ತುದಿಯ ಮನೆಗೂ ನೀನೆ ತಾಯಿ.

ಆ ಹಾಡುಗಾರಿಕೆಯನ್ನು ಬಣ್ಣಿಸುವುದು ಕಷ್ಟ. ಏರಿಯ ಮೇಲಿದ್ದ ಕೊಕ್ಕರೆಗಳು ಕಾಲನ್ನಷ್ಟೇ ಬದಲಿಸಲಿಲ್ಲ, ಕೆರೆಯನ್ನೇ ಬದಲಿಸಿದವಂತೆ. ರಾಗ ಹೇಗೂ ಹೋಗಲಿ, ಮುದುಕಿ ‘ಹರಿಯೆ ಮೆಲ್ಲಗೆ’ ಎಂಬುದನ್ನು ಗುಬ್ಬಿ ಓಡಿಸುವ ವೇಗದಲ್ಲಿ ಹೇಳಿ, ‘ತಾಯಿ’ಯಲ್ಲಿ ನಿಂತು ದಣಿವಾರಿಸಿಕೊಳ್ಳುತ್ತಿದ್ದಳು. ಬೊಮ್ಮಕ್ಕ ಮೊದಲು ಕಿವಿ ಮುಚ್ಚಿಕೊಂಡಳು. ಆಮೇಲೆ ಕೈಯಾಡಿಸಿ ‘ನಿಧಾನ, ನಿಧಾನ’ ಎಂದು ತೋರಿಸಿದಳು. ತೊಡೆ ತಟ್ಟಿ ನಡೆ ತೋರಿಸಿದಳು. ಮುದುಕಿ ಕಣ್ಣು ಮುಚ್ಚಿ ಹಾಡುತ್ತಿದ್ದಳು. ಕೂಗಿ ಹೇಳೋಣವೆಂದರೆ ಗಂಟಲಿಲ್ಲ. ಇನ್ನು ತಡೆಯಲಾರದೆ ಬೊಮ್ಮಕ್ಕ ಕಾಲ ಬಳಿಯಿದ್ದ ಮುಷ್ಟಿಗಾತ್ರದ ಗುಂಡುಕಲ್ಲನ್ನೆತ್ತಿ, ಇಪ್ಪತ್ತೈದು ವರ್ಷ ತನ್ನ ಮಗ್ಗುಲಲ್ಲಿ ಸುಮ್ಮನೆ ಕೂತಿದ್ದ ಆ ಕರಿಯ ಬಂಡೆಯ ನೆತ್ತಿಗೆ ಅಪ್ಪಳಿಸಿದಳು.

ಬಂಡೆ ಕಂಚಿನಂತೆ ಮೊಳಗಿತು.

ಕಾಟವ್ವನ ಬಾಯಿ ತೆರೆದಂತೆಯೇ ನಿಂತಿತು. ಬೊಮ್ಮಕ್ಕ ಕೈಯಲ್ಲಿದ್ದ ಕಲ್ಲನ್ನು ನೋಡಿದಳು, ಬಂಡೆಯನ್ನು ನೋಡಿದಳು. ಆ ನಾದ ಏರಿಯನ್ನು ಇಳಿದು, ನೀರಿನ ಮೇಲೆ ಜಾರಿ, ಹೊಂಗೆಯ ತೋಪನ್ನು ಹಾದು, ಎಲ್ಲೋ ಬಿಸಿಲಿನೊಳಗೆ ಕರಗುವ ತನಕ ಇಬ್ಬರೂ ಉಸಿರಾಡಲಿಲ್ಲ. ಹಿಂದೆಯೂ ಯಾರಾದರೂ ಬಡಿದಿರಬಹುದು. ಆದರೆ ಗಂಟೆ, ಒನಕೆ, ಹಾಡು, ಬೈಗುಳ ತುಂಬಿದ ಊರಿನಲ್ಲಿ ಅದು ಯಾರ ಕಿವಿಗೂ ಬಿದ್ದಿರಲಿಲ್ಲ. ಈಗ ಊರು ಪಿಸುಗುಡುತ್ತಿತ್ತು. ಆರನೆಯ ಪಾಲಿನ ಬದುವಿನ ಮೇಲೆ ಬೆರಳು ಮಡಿಸುತ್ತ ಕೂತಿದ್ದ ಗಾದ್ರಪ್ಪ ಎಣಿಕೆ ಬಿಟ್ಟು ಎದ್ದು ನಿಂತ. ಬೊಮ್ಮಕ್ಕ ಮತ್ತೊಮ್ಮೆ ಬಡಿದಳು. ಒಂದು ಗೇಣು ಸರಿದು ಬಡಿದಳು, ಅಲ್ಲಿ ದನಿ ತೆಳುವಾಗಿತ್ತು. ಅಂಚಿನ ಬಳಿ ಬಡಿದಳು, ಅಲ್ಲಿ ತುಂಬು ಕೊಡದಂತೆ ಗಂಭೀರವಾಗಿತ್ತು. ಸಾಲಿಗೆ ನಾಲ್ಕು ಪೆಟ್ಟು. ಅವಳ ಕೈ ತಾನಾಗಿ ಆ ಹಳೆಯ ದಾರಿಯನ್ನು ಹಿಡಿಯಿತು. ಕಾಲಿಗೆ ತಣ್ಣಗೆ ನೀರು ತಾಗಿದಂತಾಯಿತು. ಕೆಳಗೆ ಗಾದ್ರಪ್ಪ ತಲೆಯೆತ್ತಿ ಕೇಳುತ್ತ ಕೇಳುತ್ತ ಸನಿಕೆಯನ್ನು ಕೈಗೆ ತೆಗೆದುಕೊಂಡ. ಹಾಡಿಲ್ಲ, ಪದವಿಲ್ಲ, ಆದರೂ ಸಂಧಿ ಮುಗಿಯುವ ಹೊತ್ತಿಗೆ ಸರಿಯಾಗಿ ಅವನ ತೋಳು ಮಣ್ಣು ಕಟ್ಟಲು ಎದ್ದಿತು. ಆ ನಡೆ ಅವನ ತೋಳಿಗೆ ಗೊತ್ತಿತ್ತು.

ಮುಂದಿನ ಸರದಿಯ ಬೆಳಗ್ಗೆ ಬೊಮ್ಮಕ್ಕ ಮರಡಿಯ ಮೇಲೆ ಕಲ್ಲು ಹಿಡಿದು ನಿಂತಾಗ ಊರೆಲ್ಲ ಗದ್ದೆಗಳಲ್ಲಿತ್ತು. ಮೊದಲ ಸಂಧಿಗೆ ಬಂಡೆಯೊಂದೇ ನುಡಿಯಿತು. ಯಾರೂ ತುಟಿ ಬಿಚ್ಚಲಿಲ್ಲ. ಬಿಚ್ಚಬಾರದೆಂದು ಅಷ್ಟು ದಿನ ಅಭ್ಯಾಸವಾಗಿತ್ತಲ್ಲ. ಆದರೆ ಆ ಸಂಧಿ ಮುಗಿಯುತ್ತ ಬಂದಾಗ ತುದಿಯಲ್ಲಿ ಕಾಟವ್ವನಿಗೆ ತಡೆಯಲಾಗಲಿಲ್ಲ. ಒಂಬತ್ತನೆಯ ಸಂಧಿಯನ್ನು ಆಗಲೇ ಶುರು ಮಾಡಿದಳು.

“ನಿಂದು ಕಡೇ ಪಾಲು ಕಣವ್ವೋ! ತಡಿ!” ಎಂದು ಗಾದ್ರಪ್ಪ ಪಿಸುಮಾತು ಮರೆತು ಕಿರುಚಿದ.

“ಮೊದಲ್ನೇರು ಬಾಯಿಗೆ ಬೀಗ ಹಾಕ್ಕಂಡವ್ರೆ, ನಾನೇನು ಮಾಡ್ಲಿ!” ಎಂದು ಅವಳೂ ಕಿರುಚಿದಳು.

ಮೊದಲ ಪಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಗು ಬದುವಿನಿಂದ ಬದುವಿಗೆ ಹಾರಿತು. ನಗುವಿಗೆ ತೆರೆದ ಬಾಯಿಗಳು ಮುಚ್ಚುವ ಮೊದಲೇ ಎರಡನೆಯ ಪಾಲಿನಿಂದ ಗೌಡನ ಸೊಸೆ ಹೆದರಿ ಹೆದರಿ ಎರಡನೆಯ ಸಂಧಿಯ ಮೊದಲ ಸಾಲನ್ನು ಎತ್ತಿದಳು. ಮಾವ ತಡೆಯುತ್ತಾನೇನೋ ಎಂದು ನೋಡಿದಳು. ಮಾವ ಮರಡಿಯ ಕಡೆ ನೋಡುತ್ತಿದ್ದ. ಅಲ್ಲಿಂದ ಕಲ್ಲಿನ ಪೆಟ್ಟು ಒಂದೂ ತಪ್ಪದೆ ಬರುತ್ತಿತ್ತು. ಅದೇ ಅಪ್ಪಣೆಯೆಂದು ತಿಳಿದು ನೆರೆಯವರು ದನಿಗೂಡಿಸಿದರು. ಆ ಸಂಧಿ ಮುಗಿದಾಗ ನೀರು ಮೂರನೆಯ ಪಾಲಿಗೆ ತಿರುಗಿತು, ಹಾಡೂ ತಿರುಗಿತು. ಹೀಗೆ ನೀರು ಹೋದಲ್ಲಿಗೆ ಹಾಡು, ಹಾಡು ಹೋದಲ್ಲಿಗೆ ನೀರು.

ಬೊಮ್ಮಕ್ಕ ಅಂದು ಅನುಭವಿಸಿದ್ದನ್ನು ಅವಳು ಯಾರಿಗೂ ಹೇಳಲಿಲ್ಲ; ಆದರೂ ಊರು ಅದನ್ನು ಕಂಡಂತೆ ಹೇಳುತ್ತದೆ. ಇಪ್ಪತ್ತೈದು ವರ್ಷ ಅವಳು ಆ ಹಾಡಿನ ಒಳಗಿದ್ದಳು. ಒಂದು ದಿನವೂ ಅದನ್ನು ಕೇಳಿರಲಿಲ್ಲ. ಈಗ ಅದು ಅವಳಿಂದ ದೂರ ದೂರ ಸರಿಯುತ್ತ, ಒಂದು ಪಾಲಿನಲ್ಲಿ ಎಳೆಯ ದನಿಯಾಗಿ, ಇನ್ನೊಂದರಲ್ಲಿ ನೆಗಡಿ ಹಿಡಿದ ದನಿಯಾಗಿ, ಹೊಂಗೆಯ ತೋಪಿನ ಹಿಂದೆ ಹೋದಾಗ ಬರೀ ಗುಂಗಾಗಿ, ಮತ್ತೆ ಆಚೆ ಬದಿಯಲ್ಲಿ ಬೆಳಕಿಗೆ ಬಂದು ಕೇಳಿಸುತ್ತಿತ್ತು. ಇಷ್ಟು ಚೆಲುವಾಗಿತ್ತೇ ಎಂದುಕೊಂಡಳಂತೆ. ಏಳನೆಯ ಸಂಧಿಯ ನಡುವೆ, ಅಂದು ದನಿ ಬಿರಿದ ಸಾಲು ಬಂದಾಗ, ಅವಳ ಬಾಯಿ ತಾನಾಗಿ ತೆರೆಯಿತು. ಉಸಿರು ಮಾತ್ರ ಬಂತು. ಎತ್ತಿದ ಕೈ ಎತ್ತಿದಂತೆಯೇ ಒಂದು ಪೆಟ್ಟಿನಷ್ಟು ಹೊತ್ತು ನಿಂತಿತು. ಗದ್ದೆಯಲ್ಲಿ ಹಾಡುತ್ತಿದ್ದವರೂ ಅಷ್ಟು ಹೊತ್ತು ನಿಂತರು. ಆಮೇಲೆ ಕಲ್ಲು ಬಂಡೆಯ ಮೇಲೆ ಬಿತ್ತು, ಹಾಡು ಮುಂದೆ ನಡೆಯಿತು. ಹೊತ್ತು ಇಳಿಯುವ ಮೊದಲು ಒಂಬತ್ತನೆಯ ಪಾಲಿಗೆ ನೀರು ಮುಟ್ಟಿತು.

ಆ ಬೆಳೆ ಮುಗಿಯುವ ಮುಂಚೆ, ಉಪ್ಪು ಹೇರಿದ ಎತ್ತುಗಳೊಂದಿಗೆ ದಾರಿಹೋಕನೊಬ್ಬ ಕಡೆಯ ಪಾಲಿನ ಬಳಿ ಎತ್ತುಗಳಿಗೆ ನೀರು ಕುಡಿಸುತ್ತ, ದೂರದ ಮೊಳಗು ಕೇಳಿ, “ಅದೇನಣ್ಣ ದನಿ, ಯಾವ ಗುಡಿ ಗಂಟೆ?” ಎಂದು ಗಾದ್ರಪ್ಪನನ್ನು ಕೇಳಿದನಂತೆ. ಗಾದ್ರಪ್ಪ ಸನಿಕೆಯಿಂದ ತಲೆಯೆತ್ತದೆ, “ಗಂಟೆ ಅಲ್ಲಪ್ಪ. ಅದು ನಮ್ಮ ಬೊಮ್ಮಕ್ಕನ ಕೊರಳು” ಎಂದ. ಪಕ್ಕದಲ್ಲೇ ಇದ್ದ ಕಾಟವ್ವ ಅದನ್ನು ಕೇಳಿ ಮಾಡುತ್ತಿದ್ದ ಕೆಲಸ ಬಿಟ್ಟು ಬದುವಿನ ಮೇಲೆ ನಿಂತಳು. ಒಂಬತ್ತು ಪಾಲುಗಳಿಗೂ ಮರಡಿಗೂ ಕೇಳುವಂತೆ, ಮೂವತ್ತು ವರ್ಷ ಹಕ್ಕಿ ಕೂಗಿದ ಆ ಗಂಟಲಲ್ಲಿ ಕೂಗಿದಳು: “ಬೊಮ್ಮೀ! ಏನಂತ ಕರೀತಾರೆ ಅಂತ ಕೇಳಿದ್ಯಲ್ಲ, ಈ ಮೊಳಗಿಗೆ ಬೊಮ್ಮಕ್ಕನ ಕೊರಳು ಅಂತಾರಂತೆ! ಕೇಳಿಸ್ಕಂಡ್ಯೇನೇ?” ಮರಡಿಯ ಮೇಲಿಂದ ಎರಡು ಪೆಟ್ಟು ಹೆಚ್ಚಾಗಿ ಕೇಳಿಸಿದವು.

ಈಗ ತೂಬಿಗೆ ಕಬ್ಬಿಣದ ಬಾಗಿಲು ಬಂದಿದೆ, ತಿರುಗಿಸಲು ಚಕ್ರವಿದೆ, ಸರದಿಗೆ ಗಡಿಯಾರವಿದೆ. ಆದರೂ ಕೆರೆ ತುಂಬಿದ ವರ್ಷ ಮೊದಲ ಸಲ ನೀರು ಬಿಡುವ ದಿನ, ಗಡಿಯಾರಗಳನ್ನು ಮನೆಯಲ್ಲಿಟ್ಟು ಬಂದು ಹೆಂಗಸರು ಸರದಿಯ ಮೇಲೆ ಬಂಡೆ ಬಡಿಯುತ್ತಾರೆ, ಒಂಬತ್ತು ಪಾಲಿನವರೂ ತಮ್ಮ ತಮ್ಮ ಸಂಧಿಯನ್ನು ಬಂದಂತೆ ಹಾಡುತ್ತಾರೆ. ಬಂಡೆಯ ನೆತ್ತಿಯ ಮೇಲೆ ಮೂರು ಗುಳಿಗಳಿವೆ, ತಲೆತಲಾಂತರದ ಪೆಟ್ಟಿಗೆ ಸವೆದು ನುಣುಪಾದವು. ಅಂಚಿನದರಲ್ಲಿ ಒಂದು ಬೊಗಸೆ ಮಳೆನೀರು ನಿಲ್ಲುತ್ತದೆ, ಗುಬ್ಬಿಗಳು ಬಂದು ಕುಡಿಯುತ್ತವೆ. ಹಾಡಿನ ದಿನ ಹೊರಗಿನವರು ಬಂದರೆ ಏಳನೆಯ ಸಂಧಿಗೆ ಅವರನ್ನು ಮರಡಿಯ ಮೇಲೆ ಕರೆದು ನಿಲ್ಲಿಸುತ್ತಾರೆ. ಅದರ ನಡುವೆ ಒಂದು ಸಾಲಿನಲ್ಲಿ ಬಡಿಯುವವಳು ಕೈಯೆತ್ತಿ ಒಂದು ಪೆಟ್ಟನ್ನು ಬಿಡುತ್ತಾಳೆ. ಒಂಬತ್ತು ಪಾಲಿನಲ್ಲೂ ಬಾಯಿಗಳು ನಿಲ್ಲುತ್ತವೆ. ಬೊಮ್ಮಕ್ಕನ ಉಸಿರಿಗೆಂದು ಬಿಟ್ಟ ಜಾಗ ಅದು. ಆ ಒಂದು ಕ್ಷಣದಲ್ಲಿ, ಅಷ್ಟು ಹೊತ್ತೂ ಹಾಡಿನಡಿಯಲ್ಲಿ ಹರಿಯುತ್ತಿದ್ದ ನೀರು ಮೊದಲ ಬಾರಿಗೆ ಕಿವಿಗೆ ಬೀಳುತ್ತದೆ, ಹುಲ್ಲಿನ ಬೇರುಗಳನ್ನು ಸವರಿಕೊಂಡು ತುದಿಯ ಪಾಲಿನ ಕಡೆಗೆ ಮೆಲ್ಲಗೆ ಹೋಗುತ್ತಿರುವುದು.